ಪೋರ್ಟಬಲ್ ಎಸಿ ಕೈಕೊಡದಿರಲು ಒಂದಿಷ್ಟು ಸೂತ್ರಗಳು

ಮನೆ ಮಾಲೀಕರು ಗೋಡೆ ಕೊರೆಯಲು ಬಿಡುವುದಿಲ್ಲ. ಕಿಟಕಿಯ ಕಂಬಿ ಕತ್ತರಿಸುವ ಮಾತೆತ್ತಿದರೆ ಅಡ್ವಾನ್ಸ್ ಹಣದ ನೆನಪು ಮಾಡುತ್ತಾರೆ. ಏಪ್ರಿಲ್ ಮಾತ್ರ ಯಾರ ಅಪ್ಪಣೆಯನ್ನೂ ಕೇಳದೆ ಬಂದುಬಿಡುತ್ತದೆ. ಬೆಂಗಳೂರಿನ ಬಾಡಿಗೆದಾರರು ಚಕ್ರದ ಮೇಲೆ ಓಡಾಡುವ ಎಸಿಯ ಕಡೆ ತಿರುಗುವುದು ಹೀಗೆ. ತಂದ ಮೇಲೆ "ತಂಪೇ ಆಗುವುದಿಲ್ಲ" ಎಂಬ ದೂರು. ಅದರ ಬೆನ್ನಿನ ಪೈಪು ಎಷ್ಟು ಗಾಳಿ ಹೊರಗೆ ಹಾಕುತ್ತಿದೆ, ಆ ಜಾಗಕ್ಕೆ ಯಾವ ಗಾಳಿ ಬರುತ್ತಿದೆ ಎಂದು ವಿಚಾರಿಸಿದವರು ಕಡಿಮೆ.

1. ಬೇರೆ ದಾರಿಯಿದ್ದರೆ ಅದನ್ನೇ ಹಿಡಿಯಿರಿ. ಸ್ಪ್ಲಿಟ್ ಎಸಿಗೆ ಒಪ್ಪಿಗೆ ಸಿಕ್ಕರೆ ಮುಂದೆ ಓದುವುದೇ ಬೇಡ. ಅದರಲ್ಲಿ ತಂಪು ಹೆಚ್ಚು, ಬಿಲ್ಲು ಕಡಿಮೆ. ಪೋರ್ಟಬಲ್‌ನಲ್ಲಿ ಕಂಪ್ರೆಸರ್ ಮಂಚದ ಪಕ್ಕದಲ್ಲೇ ಗುರ್ ಎನ್ನುತ್ತಿರುತ್ತದೆ. ಕಲಬುರಗಿ, ರಾಯಚೂರಿನ ಒಣ ಬಿಸಿಲಿಗೆ ನೀರಿನ ಕೂಲರ್ ಸಾಕು, ಎಸಿ ನುಂಗುವ ಕರೆಂಟಿನ ಕಾಲು ಭಾಗವೂ ಬೇಡ. ಮಂಗಳೂರು, ಕಾರವಾರದ ಸೆಕೆಯಲ್ಲಿ ಮಾತ್ರ ಕೂಲರ್ ಬೆವರು ಹೆಚ್ಚಿಸುವ ಯಂತ್ರ. ಕೂಲರನ್ನೇ "ಪೋರ್ಟಬಲ್ ಎಸಿ" ಎಂದು ಮಾರುವವರೂ ಉಂಟು. ಬೆನ್ನಿಗೆ ಬಿಸಿಗಾಳಿ ಬಿಡುವ ದಪ್ಪ ಪೈಪು ಇಲ್ಲದಿದ್ದರೆ ಅದು ಎಸಿಯಲ್ಲ.

2. ಡಬ್ಬದ ಮೇಲಿನ ಟನ್ನಿಗೆ ಮರುಳಾಗಬೇಡಿ. 1 ಟನ್ ಎಂದರೆ ಗಂಟೆಗೆ 12,000 ಬಿಟಿಯು, ಅಂದರೆ ಸುಮಾರು 3.5 ಕಿಲೋವ್ಯಾಟ್ ಶಾಖವನ್ನು ಕೋಣೆಯಿಂದ ಸಾಗಿಸುವ ಶಕ್ತಿ. (ಒಂದು ಅಮೆರಿಕನ್ ಟನ್ ಮಂಜುಗಡ್ಡೆ 24 ಗಂಟೆಯಲ್ಲಿ ಕರಗಲು ಹೀರುವ ಶಾಖದ ಲೆಕ್ಕವದು.) ನಮ್ಮ ವ್ಯಾಪಾರಿಗಳ ರೂಢಿಯಲ್ಲಿ 120 ಚದರಡಿವರೆಗೆ 1 ಟನ್, 180ರವರೆಗೆ ಒಂದೂವರೆ. ಇದು ಸ್ಪ್ಲಿಟ್ ಎಸಿಯ ಲೆಕ್ಕ. ಒಂದೇ ಪೈಪಿನ ಪೋರ್ಟಬಲ್‌ಗೆ ಮೂರರಲ್ಲಿ ಒಂದು ಭಾಗ ಕಳೆದುಬಿಡಿ. ಅಮೆರಿಕದಲ್ಲಿ ಇಂಥ ಯಂತ್ರದ ಡಬ್ಬದ ಮೇಲೆ ಎರಡು ಅಂಕಿ ಕಾಣುವುದು ಇದಕ್ಕೇ: ಹಳೆಯ ಪದ್ಧತಿಯಲ್ಲಿ 14,000 ಬಿಟಿಯು ಎನಿಸಿಕೊಂಡದ್ದು ಅಲ್ಲಿನ ಇಂಧನ ಇಲಾಖೆಯ ಪರೀಕ್ಷೆಯಲ್ಲಿ 10,000ಕ್ಕೋ ಅದಕ್ಕೂ ಕೆಳಗೋ ಇಳಿಯುತ್ತದೆ. ಚಿಕ್ಕ ಮಲಗುವ ಕೋಣೆಯೇ 1 ಟನ್ ಪೋರ್ಟಬಲ್‌ಗೆ ತಕ್ಕ ಜಾಗ. ಹಾಲ್ ಜೊತೆ ಡೈನಿಂಗೂ ತಂಪಾಗಲಿ ಎಂದು ಬಾಗಿಲು ತೆರೆದಿಟ್ಟರೆ ಎರಡೂ ತಂಪಾಗುವುದಿಲ್ಲ.

3. ಸೂರನ್ನೂ ಲೆಕ್ಕಕ್ಕೆ ಹಿಡಿಯಿರಿ. ಕೊನೆಯ ಮಹಡಿಯ ಆರ್‌ಸಿಸಿ ಸೂರು ಹಗಲೆಲ್ಲ ಹೀರಿದ ಬಿಸಿಯನ್ನು ರಾತ್ರಿ ಕೆಳಗೆ ಸುರಿಯುತ್ತಿರುತ್ತದೆ. ಇನ್ನೂ ದೊಡ್ಡ ಎಸಿ ಹುಡುಕುವ ಮೊದಲು ತಾರಸಿಗೆ ಬಿಳಿ ಬಳಿಸಿ, ಪಡುವಣ ಕಿಟಕಿಗೆ ಹೊರಗಡೆಯಿಂದ ನೆರಳು ಕಟ್ಟಿ. ಒಳಗಿನ ಪರದೆ ತಡೆಯುವಷ್ಟರಲ್ಲಿ ಬಿಸಿಲು ಗಾಜು ದಾಟಿ ಬಂದಾಗಿರುತ್ತದೆ.

4. ಹೋದಷ್ಟು ಗಾಳಿ ಬಂದೇ ಬರುತ್ತದೆ. ಈ ಯಂತ್ರದ ಗುಟ್ಟೆಲ್ಲ ಇಲ್ಲಿದೆ. ಒಂದೇ ಪೈಪಿನ ಎಸಿ ಕೋಣೆಯ ಗಾಳಿಯಲ್ಲಿ ಒಂದು ಪಾಲನ್ನು ತಂಪು ಮಾಡಿ ನಿಮಗೆ ಕೊಡುತ್ತದೆ. ಇನ್ನೊಂದು ಪಾಲನ್ನು ತನ್ನ ಕಾದ ಕಾಯಿಲ್ ಮೇಲೆ ಹಾಯಿಸಿ ಹೊರಗೆ ಬಿಸಾಡುತ್ತದೆ. ನಿಮಿಷಕ್ಕೆ 200 ಘನ ಅಡಿ ಗಾಳಿ ಹೊರದೂಡುವ ಯಂತ್ರ 10 ಅಡಿ ಎತ್ತರದ, 100 ಚದರಡಿಯ ಕೋಣೆಯಲ್ಲಿದೆ ಎನ್ನಿ: 5 ನಿಮಿಷದಲ್ಲಿ ಕೋಣೆ ತುಂಬುವಷ್ಟು ಗಾಳಿ ಬೀದಿಪಾಲು. ಅಷ್ಟೇ ಗಾಳಿ ಬಾಗಿಲ ಸಂದು, ಕಿಟಕಿಯ ಬಿರುಕು, ಎಕ್ಸಾಸ್ಟ್ ಫ್ಯಾನಿನ ತೂತು ಎಲ್ಲಿಂದಾದರೂ ಒಳನುಗ್ಗುತ್ತದೆ, ಬಿಸಿಬಿಸಿಯಾಗಿ. ಊದುಬತ್ತಿ ಹಚ್ಚಿ ಬಾಗಿಲ ಸಂದಿಗೆ ಹಿಡಿಯಿರಿ, ಹೊಗೆ ಒಳಮುಖವಾಗಿ ಬಾಗುವುದು ಕಾಣುತ್ತದೆ.

ಹಾಗೆಂದು ಎಲ್ಲ ಸಂದನ್ನೂ ಮುಚ್ಚಲು ಹೋಗಬೇಡಿ, ಯಂತ್ರಕ್ಕೆ ಉಸಿರು ಕಟ್ಟುತ್ತದೆ. ಗಾಳಿ ಯಾವ ಕಡೆಯಿಂದ ಬರಬೇಕೆಂಬುದು ಮಾತ್ರ ನಿಮ್ಮ ಕೈಯಲ್ಲಿದೆ. ಬಿಸಿಲು ಬೀಳುವ ಕಿಟಕಿಗಳ ಸಂದಿಗೆ ಫೋಮ್ ಪಟ್ಟಿ ಅಂಟಿಸಿ, ನೆರಳಿರುವ ನಡುಮನೆಯ ಕಡೆಯ ಬಾಗಿಲಡಿ ಸಂದು ಹಾಗೇ ಇರಲಿ. ಎರಡು ಪೈಪಿನ ಮಾದರಿ ಸಿಕ್ಕರೆ ಹೆಚ್ಚು ಕೊಟ್ಟಾದರೂ ತನ್ನಿ. ಅದು ಹೊರಗಿನ ಗಾಳಿಯನ್ನೇ ಎಳೆದು, ಕಾಯಿಲ್ ಮೇಲೆ ಹಾಯಿಸಿ, ಹೊರಗೇ ಬಿಡುತ್ತದೆ.

5. ಕೋಣೆಗೆ ಹೊಂದಿಕೊಂಡ ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದ್ದರೆ ಒಂದೇ ಪೈಪಿನ ಎಸಿ ಬೇಡವೇ ಬೇಡ. ಗೀಸರಿನ ಹೊಗೆಯನ್ನೂ ಅದು ಹೀಗೆಯೇ ಕೋಣೆಗೆ ಎಳೆದುಕೊಳ್ಳಬಹುದು. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರಿಗೆ ಎಚ್ಚರವಾಗುವುದಿಲ್ಲ.

6. ಕಿಟಕಿಗೆ ಬಡಗಿಯನ್ನು ಕರೆಯಿರಿ. ಯಂತ್ರದ ಜೊತೆ ಬರುವ ಪ್ಲಾಸ್ಟಿಕ್ ಪಟ್ಟಿ ಸರಿಯುವ ಕಿಟಕಿಗೆಂದು ಮಾಡಿದ್ದು. ನಮ್ಮ ಹಳೆಯ ಮನೆಗಳಲ್ಲಿ ಮರದ ಕಿಟಕಿ ಬಾಗಿಲು ಹೊರಕ್ಕೆ ತೆರೆಯುತ್ತದೆ, ಒಳಗೆ ಕಂಬಿ, ಅದಕ್ಕೊಂದು ಸೊಳ್ಳೆ ಜಾಲರಿ. ಅಳತೆ ಕೊಟ್ಟು ಪ್ಲೈವುಡ್ ಹಲಗೆಯಲ್ಲಿ ಪೈಪಿನ ಬಾಯಿಗೆ ತಕ್ಕ ತೂತು ಹಾಕಿಸಿ, ಕಂಬಿಗೆ ಒತ್ತಿ ಕಟ್ಟಿದರೆ ಮಾಲೀಕರ ಗೋಡೆಗೆ ಒಂದು ಮೊಳೆಯೂ ಬೇಡ. ಧೂಳು ಕೂತ ಜಾಲರಿ ಪೈಪಿನ ಬಾಯಿಗೆ ಅಡ್ಡ ಬರಬಾರದು. ಪೈಪನ್ನು ಬಚ್ಚಲಿಗೋ ಪ್ಯಾಸೇಜಿಗೋ ಬಿಟ್ಟು ಕೂರುವವರಿದ್ದಾರೆ. ಆ ಬಿಸಿ ಬಾಗಿಲ ಸಂದಿನಿಂದಲೇ ಮರಳಿ ಬರುತ್ತದೆ.

7. ಪೈಪು ಗಿಡ್ಡವಾಗಿರಲಿ, ನೆಟ್ಟಗಿರಲಿ. ಸಾಲದೆಂದು ಇನ್ನೊಂದು ಪೈಪು ಜೋಡಿಸಬೇಡಿ, ಯಂತ್ರವನ್ನೇ ಕಿಟಕಿಯ ಹತ್ತಿರ ತಳ್ಳಿ. ಓಡುವಾಗ ಪೈಪನ್ನು ಮುಟ್ಟಿ ನೋಡಿದರೆ ಕೋಣೆಯೊಳಗೇ ಒಂದು ಹೀಟರ್ ಇಟ್ಟುಕೊಂಡಿದ್ದೇವೆಂದು ಗೊತ್ತಾಗುತ್ತದೆ. ಶಾಖ ತಡೆಯುವ ಹೊದಿಕೆ ಸುತ್ತಿ.

8. ಪವರ್ ಪಾಯಿಂಟ್‌ಗೇ ಹಾಕಿ. 1 ಟನ್ ಯಂತ್ರ ಸುಮಾರು 1,200ರಿಂದ 1,400 ವ್ಯಾಟ್ ಎಳೆಯುತ್ತದೆ, ಶುರುವಾಗುವ ಕ್ಷಣದಲ್ಲಿ ಇನ್ನೂ ಹೆಚ್ಚು. 16 ಆಂಪಿಯರ್ ಸಾಕೆಟ್ ಬೇಕು. ಮೊಬೈಲ್ ಚಾರ್ಜರ್ ಚುಚ್ಚುವ ಎಕ್ಸ್‌ಟೆನ್ಷನ್ ಬೋರ್ಡಿಗೆ ಇದನ್ನು ಸಿಕ್ಕಿಸುವುದೆಂದರೆ ಬೆಂಕಿಗೆ ಆಹ್ವಾನ. ಕಂಪ್ರೆಸರ್ ಬಿಡದೆ ಓಡಿದರೆ ಗಂಟೆಗೆ ಒಂದೂಕಾಲು ಯೂನಿಟ್ಟಿನ ಆಸುಪಾಸು. ನಿಮ್ಮ ಬಿಲ್ಲನ್ನು ನೀವೇ ಗುಣಿಸಿಕೊಳ್ಳಿ.

9. ಮನೆ ಬದಲಿಸುವಾಗ ನಿಲ್ಲಿಸಿಯೇ ಸಾಗಿಸಿ. ಟೆಂಪೋದಲ್ಲಿ ಮಲಗಿಸಿ ತಂದಿದ್ದರೆ ಕಂಪ್ರೆಸರಿನ ಎಣ್ಣೆ ಪೈಪುಗಳಿಗೆ ಹರಿದಿರುತ್ತದೆ. ಒಂದು ದಿನ ನೆಟ್ಟಗೆ ನಿಲ್ಲಿಸಿ, ಆಮೇಲೆ ಸ್ವಿಚ್ ಹಾಕಿ.

10. ನೀರು ತುಂಬಿದರೆ ಅದು ಕೆಟ್ಟಂತಲ್ಲ. ಗಾಳಿಯ ತೇವ ತಣ್ಣನೆಯ ಕಾಯಿಲ್ ಮೇಲೆ ನೀರಾಗಿ ಇಳಿಯುತ್ತದೆ. ಆ ನೀರನ್ನು ಬಿಸಿ ಕಾಯಿಲ್ ಮೇಲೆ ಚಿಮುಕಿಸಿ ಪೈಪಿನ ಮೂಲಕ ಹೊರಹಾಕುವ ವ್ಯವಸ್ಥೆ ಹಲವು ಮಾದರಿಗಳಲ್ಲಿದೆ, ಬೆಂಗಳೂರಿನ ಬೇಸಗೆಗೆ ಅದು ಬಹುಮಟ್ಟಿಗೆ ಸಾಲುತ್ತದೆ. ಕರಾವಳಿಯಲ್ಲಿ ಸಾಲದು: ತೊಟ್ಟಿ ತುಂಬಿ, ದೀಪ ಹೊತ್ತಿ, ನಡುರಾತ್ರಿ ಕಂಪ್ರೆಸರ್ ನಿಲ್ಲುತ್ತದೆ. ಹಿಂಬದಿಯ ರಬ್ಬರ್ ಬಿರಡೆ ತೆಗೆದು ಸಣ್ಣ ಪೈಪು ಸಿಕ್ಕಿಸಿ ಬಕೆಟ್ಟಿಗೆ ಬಿಡಿ. ಪೈಪು ಎಲ್ಲೂ ಮೇಲಕ್ಕೆ ಏರಬಾರದು. ನೆಲ ಓರೆಯಾಗಿದ್ದರೂ ನೀರು ಚೆಲ್ಲುತ್ತದೆ, ಹಲಗೆ ಚೂರು ಕೊಟ್ಟು ಮಟ್ಟ ಮಾಡಿ.

11. ಎರಡು ವಾರಕ್ಕೊಮ್ಮೆ ಫಿಲ್ಟರ್ ತೊಳೆಯಿರಿ, ನೆರಳಲ್ಲಿ ಒಣಗಿಸಿ. ಹಿಂಬದಿಯ ಮೇಲ್ಭಾಗದ್ದನ್ನು ತೊಳೆದು ಕೆಳಗಿನದನ್ನು ಮರೆಯುವವರೇ ಹೆಚ್ಚು. ಬಿಸಿ ಕಾಯಿಲ್‌ಗೆ ಗಾಳಿ ಹೋಗುವುದು ಆ ಕೆಳಗಿನ ದಾರಿಯಿಂದ. ಮಳೆಗಾಲಕ್ಕೆ ಎತ್ತಿಡುವ ಮೊದಲು ತಳದ ಬಿರಡೆ ತೆಗೆದು ನೀರು ಬಸಿದು, ಫ್ಯಾನ್ ಮಾತ್ರ ಅರ್ಧ ದಿನ ಓಡಿಸಿ. ಇಲ್ಲದಿದ್ದರೆ ಮುಂದಿನ ಮಾರ್ಚ್‌ನಲ್ಲಿ ಮೊದಲು ಬರುವುದು ಮುಗ್ಗಲು ವಾಸನೆ.

12. ತಂಪಿಲ್ಲವೆಂದರೆ ಮೊದಲು ರಿಮೋಟ್ ನೋಡಿ, ಫೋನ್ ಆಮೇಲೆ. ಎಷ್ಟೋ ಸಲ ಅದು ಫ್ಯಾನ್ ಮೋಡ್‌ನಲ್ಲಿರುತ್ತದೆ. ಆರಿಸಿ ಹಚ್ಚಿದ ಮೇಲೆ ಕಂಪ್ರೆಸರ್ ಸುಮಾರು 3 ನಿಮಿಷ ತಡೆದೇ ಏಳುವುದು, ಅದು ರಕ್ಷಣೆಗೆ. ಆತುರಕ್ಕೆ 16 ಡಿಗ್ರಿ ಒತ್ತಿದರೆ ಬೇಗ ತಂಪಾಗುವುದಿಲ್ಲ, ಕಂಪ್ರೆಸರಿಗೆ ಬಿಡುವು ಸಿಗುವುದಿಲ್ಲವಷ್ಟೆ. 24ಕ್ಕೆ ಇಟ್ಟು ಸೀಲಿಂಗ್ ಫ್ಯಾನ್ ನಿಧಾನಕ್ಕೆ ಬಿಡಿ. ಕಾಯಿಲ್ ಮೇಲೆ ಮಂಜು ಕಟ್ಟಿದ್ದರೆ ಆರಿಸಿ, ಕರಗಲಿ, ಫಿಲ್ಟರ್ ನೋಡಿ. ಇಷ್ಟಾದರೂ ಅನುಮಾನವಿದ್ದರೆ ಒಂದು ಥರ್ಮಾಮೀಟರ್ ಸಾಕು. 15 ನಿಮಿಷ ಓಡಿದ ಮೇಲೆ ಒಳಹೋಗುವ ಗಾಳಿಗೂ ಹೊರಬರುವ ತಂಪು ಗಾಳಿಗೂ 8ರಿಂದ 12 ಡಿಗ್ರಿ ವ್ಯತ್ಯಾಸ ಕಂಡರೆ ಯಂತ್ರ ಸರಿಯಿದೆ, ನಾಲ್ಕನೇ ಸೂತ್ರಕ್ಕೆ ಮರಳಿ. ಮೂರು ನಾಲ್ಕು ಡಿಗ್ರಿ ಮಾತ್ರವಾದರೆ ಮೆಕ್ಯಾನಿಕ್ ಬೇಕು.

13. "ಗ್ಯಾಸ್ ಖಾಲಿಯಾಗಿದೆ, ತುಂಬಿಸಬೇಕು" ಎಂದರೆ "ಎಲ್ಲಿ ಸೋರಿತು ಅಣ್ಣಾ?" ಎಂದು ಕೇಳಿ. ಗ್ಯಾಸ್ ಓಡಿ ಓಡಿ ಸವೆಯುವ ಪದಾರ್ಥವಲ್ಲ. ಪೋರ್ಟಬಲ್ ಎಸಿಯ ಗ್ಯಾಸ್ ಪೈಪುಗಳನ್ನು ಕಾರ್ಖಾನೆಯಲ್ಲೇ ಬೆಸೆದು ಮುಚ್ಚಿರುತ್ತಾರೆ. ಗ್ಯಾಸ್ ಕಡಿಮೆಯಾಗಿದ್ದರೆ ಎಲ್ಲೋ ತೂತಿದೆ. ಅದನ್ನು ಹುಡುಕಿ, ಬೆಸೆದು, ವ್ಯಾಕ್ಯೂಮ್ ಮಾಡಿ, ಹಿಂಬದಿಯ ತಗಡಿನಲ್ಲಿ ಬರೆದಷ್ಟೇ ಗ್ರಾಂ ತೂಗಿ ತುಂಬಬೇಕು. ತಗಡಿನಲ್ಲಿ ಆರ್-290 ಎಂದಿದ್ದರೆ ಒಳಗಿರುವುದು ಪ್ರೊಪೇನ್, ಹೊತ್ತಿಕೊಳ್ಳುವ ಅನಿಲ. ಮಲಗುವ ಕೋಣೆಯಲ್ಲಿ ಅದಕ್ಕೆ ಬೆಸುಗೆ ದೀಪ ಹಿಡಿಯಲು ಬಿಡಬೇಡಿ, ಕಂಪನಿಯ ಸರ್ವಿಸ್ ಸೆಂಟರಿಗೇ ಕಳಿಸಿ. ವಾರಂಟಿ ಮುಗಿದ ಯಂತ್ರವಾದರೆ ರಿಪೇರಿಯ ಅಂದಾಜನ್ನು ಮೊದಲು ಬರೆಸಿಕೊಳ್ಳಿ. ಹೊಸದರ ಅರ್ಧ ಬೆಲೆ ಮುಟ್ಟುವಂತಿದ್ದರೆ ಎಕ್ಸ್‌ಚೇಂಜ್ ಆಫರ್ ವಿಚಾರಿಸುವುದೇ ಲೇಸು.