ಟ್ಯಾಂಕಿನ ಮೇಲೆ ಯಾರದೋ ಕಣ್ಣು

ಪ್ರಶ್ನೆ: ಇಂಗ್ಲೆಂಡಿನ ಲಿಂಕನ್‌ಶೈರ್‌ನ ಒಂದು ಹಳ್ಳಿಯಲ್ಲಿದ್ದೇವೆ. ಇಲ್ಲಿಗೆ ಗ್ಯಾಸ್ ಪೈಪ್ ಬಂದಿಲ್ಲ. ಮನೆ ಬೆಚ್ಚಗಾಗಲು ಹಿತ್ತಲಿನ ಟ್ಯಾಂಕಿನ ಎಣ್ಣೆಯೇ ಗತಿ. ಹೋದ ತಿಂಗಳು ಬೀಗ ಮುರಿದು ಅರ್ಧ ಟ್ಯಾಂಕ್ ಖಾಲಿ ಮಾಡಿದ್ದಾರೆ. ಯಜಮಾನರಿಗೆ ಆಸ್ಪತ್ರೆಯಲ್ಲಿ ನೈಟ್ ಡ್ಯೂಟಿ. ಮನೆಯಲ್ಲಿ ಅತ್ತೆ, ನಾನು ಇಬ್ಬರೇ. ಸಣ್ಣ ಸದ್ದಾದರೂ ಎದ್ದು ಕೂರುತ್ತೇನೆ. ಹೊರಗಿನವರು ಅಂತ ನಮ್ಮ ಮನೆಗೇ ಬಂದರಾ? ಕ್ಯಾಮೆರಾ ಹಾಕಿಸಿದರೆ ಸಾಕೇ?

ಉತ್ತರ: ಮೊದಲು ಆ ಸದ್ದಿನ ಮಾತು. ಟ್ಯಾಂಕಿನ ಹತ್ತಿರ ಯಾರೋ ಇದ್ದಾರೆ ಅನ್ನಿಸಿದರೆ ಟಾರ್ಚ್ ಹಿಡಿದು ಹಿತ್ತಲಿಗೆ ಹೋಗಬೇಡಿ. ಬಾಗಿಲು ಹಾಕಿಕೊಂಡೇ 999ಕ್ಕೆ ಫೋನ್ ಮಾಡಿ. ಅತ್ತೆಯವರಿಗೂ ಇದನ್ನು ಹೇಳಿಟ್ಟಿರಿ.

ಕಳ್ಳನ ಮನಸ್ಸಿನಲ್ಲಿ ಏನಿತ್ತೋ ನಾನು ಹೇಳಲಾರೆ. ಆದರೆ ಈ ಕಳ್ಳತನಕ್ಕೆ ಬೇಕಾದದ್ದು ವ್ಯಾನ್ ನಿಲ್ಲಿಸಲು ಜಾಗ, ಕತ್ತಲು, ರಸ್ತೆಗೆ ಕಾಣುವ ಟ್ಯಾಂಕ್. ಒಂದು ಸಂಜೆ ರಸ್ತೆಯಲ್ಲಿ ನಿಂತು ನಿಮ್ಮ ಮನೆಯನ್ನು ನೀವೇ ನೋಡಿ. ಉತ್ತರ ಬಹುಶಃ ಅಲ್ಲೇ ಸಿಗುತ್ತದೆ.

ಕ್ಯಾಮೆರಾ ಬೇಡ ಎನ್ನುವುದಿಲ್ಲ. ಆದರೆ ಮುಸುಕು ಹಾಕಿಕೊಂಡವನ ಚಿತ್ರ ಇಟ್ಟುಕೊಂಡು ಏನು ಮಾಡುತ್ತೀರಿ? ಅದೇ ದುಡ್ಡಿನಲ್ಲಿ ಮೊದಲು ಎಣ್ಣೆ ಮಟ್ಟ ತೋರಿಸುವ ಎಲೆಕ್ಟ್ರಾನಿಕ್ ಗೇಜ್ ಹಾಕಿಸಿ. ಟ್ಯಾಂಕಿನ ನೆತ್ತಿಯ ಮೇಲೆ ಒಂದು ಪುಟ್ಟ ಪೆಟ್ಟಿಗೆ, ಮನೆಯೊಳಗೆ ಪ್ಲಗ್ಗಿಗೆ ಸಿಕ್ಕಿಸುವ ಇನ್ನೊಂದು. ಮಟ್ಟ ಥಟ್ಟನೆ ಇಳಿದರೆ ಕೂಗಿಕೊಳ್ಳುವ ಮಾದರಿಯನ್ನೇ ಕೇಳಿ. ಪ್ರತಿ ಸದ್ದಿಗೂ ಕಿವಿಗೊಡುವ ಕೆಲಸ ನಿಮ್ಮಿಂದ ಅದಕ್ಕೆ ಹೋಗುತ್ತದೆ.

ಬೀಗ ಹಾಕಿ, ಕಟರ್ ಬಾಯಿಗೆ ಕೊಂಡಿ ಸಿಗದಂಥದ್ದನ್ನು. ಅಷ್ಟಕ್ಕೇ ನೆಮ್ಮದಿ ಪಡಬೇಡಿ. ಟ್ಯಾಂಕ್ ಪ್ಲಾಸ್ಟಿಕ್ಕಿನದಾದರೆ, ಬೀಗ ಜಗ್ಗದಿದ್ದಾಗ ಕಳ್ಳ ಟ್ಯಾಂಕಿಗೇ ತೂತು ಕೊರೆಯಬಹುದು, ಬಾಯ್ಲರ್‌ಗೆ ಹೋಗುವ ಪೈಪ್ ಕತ್ತರಿಸಬಹುದು. ಅವನು ತುಂಬಿಕೊಂಡು ಉಳಿದದ್ದು ಮಣ್ಣಿಗೆ. ಅದು ನಮ್ಮೂರಲ್ಲಿ ರೇಷನ್ ಅಂಗಡಿಯ ಕ್ಯೂನಲ್ಲಿ ನಿಂತು ತರುತ್ತಿದ್ದ ಸೀಮೆಎಣ್ಣೆಯೇ. ನೂರಾರು ಲೀಟರ್ ಮಣ್ಣಿಗಿಳಿದರೆ ಮನೆಯ ಬುನಾದಿಗೆ, ಬಾವಿಗೆ, ಚರಂಡಿಗೆ ಹೋಗುತ್ತದೆ. ಮಣ್ಣು ಅಗೆದು ಸಾಗಿಸುವ ಖರ್ಚಿನ ಮುಂದೆ ಕದ್ದ ಎಣ್ಣೆಯ ಬೆಲೆ ಏನೂ ಅಲ್ಲ. ಹಾಗಾಗಿ ವಿಮೆ ಕಂಪನಿಗೆ ಎರಡು ಪ್ರಶ್ನೆ ಬೇರೆಬೇರೆಯಾಗಿ ಹಾಕಿ: ಕಳುವಾದ ಎಣ್ಣೆಗೆ ಎಷ್ಟು ಕೊಡುತ್ತೀರಿ? ಸೋರಿದ ಎಣ್ಣೆ ಶುಚಿ ಮಾಡಲು ಎಷ್ಟು? ಕಳ್ಳತನವನ್ನು ಪೊಲೀಸರಿಗೆ ಇನ್ನೂ ತಿಳಿಸಿಲ್ಲವಾದರೆ 101ಕ್ಕೆ ಹೇಳಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಮತ್ತೆ ಎಣ್ಣೆ ತುಂಬಿಸುವ ಮೊದಲು ಮೆಕ್ಯಾನಿಕ್‌ನಿಂದ ಟ್ಯಾಂಕ್, ಪೈಪ್ ಎರಡನ್ನೂ ನೋಡಿಸಿ.

ಕಣ್ಣೆದುರಿಗಿರಲಿ ಎಂದು ಟ್ಯಾಂಕನ್ನು ಗೋಡೆಗೆ ಒತ್ತಿ ಇಡಿಸುವ ಯೋಚನೆ ಬೇಡ. ಬೆಂಕಿಯ ಭಯದಿಂದ ಅಲ್ಲಿನ ನಿಯಮ ಸಾಮಾನ್ಯವಾಗಿ ಮನೆಯಿಂದ 1.8 ಮೀಟರ್ ದೂರ ಕೇಳುತ್ತದೆ. ಸುತ್ತ ಜಲ್ಲಿ ಹಾಸಿ, ರಸ್ತೆ ಬದಿಗೆ ಹಾಥಾರ್ನ್ ಮುಳ್ಳುಬೇಲಿ ಬೆಳೆಸಿ. ಟ್ಯಾಂಕರಿನವನ ಪೈಪ್ ಬರಲು ದಾರಿ ಬಿಟ್ಟಿರಿ.

ಚಳಿಗಾಲಕ್ಕೆಲ್ಲ ಒಟ್ಟಿಗೆ ತುಂಬಿಸುವ ಬದಲು 500 ಲೀಟರಿನಂತೆ ತರಿಸಿ. ಲೀಟರಿಗೆ ಸ್ವಲ್ಪ ಹೆಚ್ಚು ಬೀಳುತ್ತದೆ, ನಿಜ. ಅದಕ್ಕೂ ದಾರಿಯಿದೆ: ಎಷ್ಟೋ ಹಳ್ಳಿಗಳಲ್ಲಿ ಮನೆಯವರೆಲ್ಲ ಸೇರಿ ಒಟ್ಟಿಗೆ ಆರ್ಡರ್ ಕೊಟ್ಟು ದರ ಇಳಿಸಿಕೊಳ್ಳುತ್ತಾರೆ. ನಿಮ್ಮಲ್ಲೂ ಇದೆಯೇ ಎಂದು ಪಕ್ಕದ ಮನೆಯವರನ್ನು ಕೇಳಿ. ಟ್ಯಾಂಕರ್ ಯಾವತ್ತು ಬರುತ್ತದೆಂದು ಬೀದಿಗೆಲ್ಲ ಗೊತ್ತಿದ್ದರೆ, ಗೊತ್ತಿಲ್ಲದ ವ್ಯಾನ್ ನಿಮ್ಮ ಗೇಟಿನ ಮುಂದೆ ನಿಂತ ರಾತ್ರಿ ನಿಮಗೊಂದು ಫೋನ್ ಬರುತ್ತದೆ.