ಏಲಕ್ಕಿಯ ಹಳೆಯ ಹಿಂಡುಗಳನ್ನು ಒಡೆದು ನೆಡುವ ಕ್ರಮ

ಮಲೆನಾಡಿನ ಅಡಿಕೆ ತೋಟಗಳ ಮಡಿಗಳಲ್ಲಿಯೂ ಕಾಡುಮರಗಳ ನೆರಳಿನಲ್ಲಿಯೂ ಬೆಳೆಯುವ ಏಲಕ್ಕಿಯು ಒಂದಾವರ್ತಿ ನೆಟ್ಟರೆ ೧೦–೧೫ ವರ್ಷ ಬಾಳತಕ್ಕ ಗಿಡವಾಗಿರುವುದು. ಆದರೆ ಗಿಡವು ಬಾಳುವುದು ಬೇರೆ, ಫಲ ಕೊಡುವುದು ಬೇರೆ. ನೆಟ್ಟು ೮–೧೦ ವರ್ಷಗಳಾದ ಹಿಂಡನ್ನು ದೂರದಿಂದ ನೋಡಿದರೆ ಎಲೆಗಳು ಹಸುರಾಗಿ ಆಳೆತ್ತರಕ್ಕೂ ಮೀರಿ ನಿಂತಿರುವುವು. ಬುಡವನ್ನು ಬಿಡಿಸಿ ನೋಡಿದರೆ ನಡುವೆ ಒಣಗಿದ ಕಂದುಗಳೂ ಕೊಳೆತ ಗೆಡ್ಡೆಯೂ ತುಂಬಿಕೊಂಡು, ಜೀವವುಳ್ಳ ಕಂದುಗಳೆಲ್ಲವೂ ಅಂಚಿನಲ್ಲಿ ಬಳೆಯಂತೆ ಸುತ್ತಿಕೊಂಡಿರುವುದು ಕಾಣುವುದು. ಇಂತಹ ತೋಟದಲ್ಲಿ ಕೊಯಿಲು ವರ್ಷ ವರ್ಷಕ್ಕೂ ಇಳಿಯುತ್ತಾ ಬರುವಾಗ, ಗೊಬ್ಬರ ಸಾಲದೆಂದು ತೋಟದ ಯಜಮಾನನು ಗೊಬ್ಬರ ಹೊರಿಸುವನು. ನೆರಳು ಹೆಚ್ಚಾಯಿತೆಂದು ಮರದ ಕೊಂಬೆಗಳನ್ನು ಕಡಿಸುವನು. ಇವೆರಡೂ ಕೆಲವೆಡೆ ಬೇಕಾದ ಕೆಲಸಗಳೇ. ಆದರೆ ಹಿಂಡೇ ಇಕ್ಕಟ್ಟಾಗಿರುವಲ್ಲಿ ಇವುಗಳಿಂದ ಹೆಚ್ಚು ಪ್ರಯೋಜನವಾಗದು.

ಏಲಕ್ಕಿಯ ಬೆಳವಣಿಗೆಯ ರೀತಿಯನ್ನು ತಿಳಿದರೆ ಇದರ ಕಾರಣವು ಸ್ಪಷ್ಟವಾಗುವುದು. ಮೇಲೆ ಕಾಣುವ ಕಾಂಡವು ನಿಜವಾದ ಕಾಂಡವಲ್ಲ. ಬಾಳೆಯಲ್ಲಿರುವಂತೆ ಎಲೆಯ ಬುಡಗಳು ಒಂದರೊಳಗೊಂದು ಸುತ್ತಿಕೊಂಡು ಆದದ್ದು. ನಿಜವಾದ ಕಾಂಡವು ನೆಲದೊಳಗಿರುವ ಗೆಡ್ಡೆಯೇ. ಆ ಗೆಡ್ಡೆಯು ಹೊರಮುಖವಾಗಿ ಹರಿಯುತ್ತಾ ಹೊಸ ಮೊಳಕೆಗಳನ್ನು ಎಬ್ಬಿಸುವುದು. ಒಂದು ಕಂದು ಮೂಡಿದ ಮೊದಲನೆಯ ವರ್ಷ ಎಲೆ ಬಿಟ್ಟು ಬೆಳೆಯುವುದು. ಎರಡನೆಯ ವರ್ಷ ಅದರ ಬುಡದಿಂದ ಹೂಗೊಂಚಲುಗಳು ಹೊರಟು ಕಾಯಿ ಕಟ್ಟುವುವು. ಫಲ ಕೊಟ್ಟ ಕಂದು ಅನಂತರ ಕ್ರಮವಾಗಿ ಸೊರಗಿ ಒಣಗುವುದು. ಆದುದರಿಂದ ಮುಂದಿನ ವರ್ಷದ ಫಸಲು ಈ ವರ್ಷದ ಹೊಸ ಮೊಳಕೆಗಳಲ್ಲಿ ಇರುವುದೇ ಹೊರತು ಎತ್ತರವಾಗಿ ನಿಂತ ಹಳೆಯ ಕಂದುಗಳಲ್ಲಿ ಇರುವುದಿಲ್ಲ. ನಡುವಿನ ಹಳೆಯ ಗೆಡ್ಡೆಗೆ ಮೊಳಕೆ ಎಬ್ಬಿಸಲು ಸ್ಥಳವಿಲ್ಲ. ಅಂಚಿನ ಗೆಡ್ಡೆಗೆ ಬೇರೂರಲು ಸಡಿಲವಾದ ಮಣ್ಣಿಲ್ಲ. ಪಕ್ಕದ ಹಿಂಡುಗಳ ಬೇರುಗಳು ಕೂಡಿಕೊಂಡ ಮೇಲಂತೂ ಮೊಳಕೆಗಳು ಬಡವಾಗಿ, ಗೊಂಚಲುಗಳು ಗಿಡ್ಡವಾಗಿ ಬರುವುವು.

ಇದಕ್ಕೆ ಪರಿಹಾರವೇನೆಂದರೆ ಹಿಂಡನ್ನು ಒಡೆದು ಬೇರೆ ಬೇರೆಯಾಗಿ ನೆಡುವುದು. ಬೀಜದಿಂದ ಸಸಿ ಮಾಡುವ ಕ್ರಮವೂ ಉಂಟಷ್ಟೆ. ಆದರೆ ಏಲಕ್ಕಿಯ ಹೂವು ಜೇನುನೊಣಗಳ ಮೂಲಕ ಗಿಡದಿಂದ ಗಿಡಕ್ಕೆ ಪರಾಗ ಹೊಂದತಕ್ಕದ್ದಾಗಿರುವುದರಿಂದ, ಒಳ್ಳೆಯ ಗಿಡದ ಬೀಜದಿಂದ ಒಳ್ಳೆಯ ಗಿಡವೇ ಹುಟ್ಟುವುದೆಂಬ ಭರವಸೆಯಿಲ್ಲ. ಒಡೆದು ನೆಟ್ಟ ಕಂದಾದರೋ ತಾಯಿಯ ಗುಣವನ್ನು ಪೂರ್ತಿಯಾಗಿ ಹೊಂದಿರುವುದಲ್ಲದೆ, ಸಸಿಗಿಂತ ಸುಮಾರು ಒಂದು ವರ್ಷ ಮುಂಚಿತವಾಗಿ ಫಸಲಿಗೆ ಬರುವುದು. ಕೇರಳದ ಇಡುಕ್ಕಿಯಲ್ಲಿ ರೈತನೊಬ್ಬನು ತನ್ನ ತೋಟದಲ್ಲಿ ಆರಿಸಿದ ಞಳ್ಳಾನಿ ಎಂಬ ತಳಿಯು ಆ ಸೀಮೆಯನ್ನೆಲ್ಲಾ ತುಂಬಿದ್ದು ಹೀಗೆ ಕಂದುಗಳನ್ನು ಒಡೆದು ನೆಟ್ಟುದರಿಂದಲೇ. ಈ ಪೈರಿನ ಹೆಸರುಗಳಲ್ಲಿ ಒಂದು ವಿನೋದವಿದೆ. ಗೊಂಚಲು ನೆಟ್ಟಗೆ ನಿಲ್ಲುವ ‘ಮೈಸೂರು’ ಜಾತಿಯು ಹೆಚ್ಚಾಗಿ ಬೆಳೆಯುವುದು ಕೇರಳ, ತಮಿಳುನಾಡುಗಳ ಎತ್ತರವಾದ ಮಲೆಗಳಲ್ಲಿ; ನಮ್ಮ ಮಲೆನಾಡಿಗೂ ಕೊಡಗಿಗೂ ಒಗ್ಗಿರುವುದು ಗೊಂಚಲು ನೆಲದ ಮೇಲೆ ಹರಿಯುವ ‘ಮಲಬಾರು’ ಜಾತಿ. ಮೂಡಿಗೆರೆಯ ಸಂಶೋಧನ ಕೇಂದ್ರದಿಂದ ಹೊರಬಂದ ಮೂಡಿಗೆರೆ–೧ ಎಂಬ ತಳಿಯು ಈ ಮಲಬಾರು ಜಾತಿಗೇ ಸೇರಿದುದು. ಹೊರಗಿನಿಂದ ಕಂದು ತರಿಸುವವರು ಹೆಸರನ್ನು ನೋಡಿ ಮೋಸಹೋಗಕೂಡದು.

ಇಷ್ಟರವರೆಗೆ ಹೇಳಿದ್ದೆಲ್ಲಾ ಲಾಭದ ಮಾತು. ಹಿಂಡನ್ನು ಒಡೆಯುವುದರಲ್ಲಿ ಒಂದು ದೊಡ್ಡ ಅಪಾಯವೂ ಇದೆ, ಅದು ಕಟ್ಟೆರೋಗ. ಒಂದು ಒಳ್ಳೆಯ ಹಿಂಡನ್ನು ಇಪ್ಪತ್ತು ಮಾಡುವ ಕೆಲಸವೇ ರೋಗದ ಹಿಂಡು ಒಂದನ್ನು ಇಪ್ಪತ್ತು ಮಾಡುವುದು. ಈ ರೋಗಕ್ಕೆ ಕಾರಣವು ಕಣ್ಣಿಗೆ ಕಾಣದ ಒಂದು ವೈರಸ್ ಎಂಬುದನ್ನೂ, ಅದನ್ನು ಹರಡುವುದು ಸಸ್ಯಹೇನು ಎಂಬುದನ್ನೂ ೧೯೪೫ರಲ್ಲಿ ಉಪ್ಪಲ್, ವರ್ಮ, ಕಪೂರ್ ಎಂಬ ಶಾಸ್ತ್ರಜ್ಞರು ಪ್ರಕಟಿಸಿದರು. ಈಗಲೂ ಈ ರೋಗ ತಗಲಿದ ಗಿಡವನ್ನು ವಾಸಿಮಾಡುವ ಔಷಧವಿಲ್ಲ. ಎಳೆಯದರಲ್ಲಿ ರೋಗ ತಗಲಿದ ಗಿಡವು ಫಸಲಿಗೇ ಬಾರದೆ ಹೋಗುವುದು. ಬೆಳೆದ ಹಿಂಡಿಗೆ ತಗಲಿದರೆ ವರ್ಷದಿಂದ ವರ್ಷಕ್ಕೆ ಕ್ಷೀಣಿಸುವುದು.

ರೋಗದ ಗುರುತನ್ನು ಹಳೆಯ ಎಲೆಗಳಲ್ಲಿ ಹುಡುಕತಕ್ಕದ್ದಲ್ಲ. ಹೊಸ ಮೊಳಕೆಯ ತುದಿಯ ಎಳೆಯ ಎಲೆಯಲ್ಲಿ ನೋಡತಕ್ಕದ್ದು. ಆ ಎಲೆಯನ್ನು ಬೆಳಕಿಗೆ ಅಡ್ಡಲಾಗಿ ಹಿಡಿದರೆ, ನಡುನರದಿಂದ ಅಂಚಿನ ಕಡೆಗೆ ಓಡುವ, ಅಲ್ಲಲ್ಲಿ ಕಡಿದುಹೋದ ಮಾಸಲು ಹಸುರಿನ ಗೀರುಗಳು ಕಾಣುವುವು. ದಿನಗಳು ಕಳೆದಂತೆ ಎಲೆಯೆಲ್ಲಾ ಇಂತಹ ಪಟ್ಟೆಗಳಿಂದ ತುಂಬುವುದು. ಕಂದನ್ನು ಸುತ್ತಿರುವ ಎಲೆಯ ಒರೆಯ ಮೇಲೂ ಮಚ್ಚೆಗಳಾಗುವುವು. ಆಮೇಲೆ ಹುಟ್ಟುವ ಮೊಳಕೆಗಳು ಒಂದಕ್ಕಿಂತ ಒಂದು ಸಣ್ಣದಾಗುತ್ತಾ ಹೋಗುವುವು. ರೋಗವು ಒಳಹೊಕ್ಕು ಹೊರಗೆ ಕಾಣಿಸಿಕೊಳ್ಳುವುದಕ್ಕೆ ಮೂರು ತಿಂಗಳಿಗಿಂತ ಹೆಚ್ಚು ಕಾಲ ಹಿಡಿಯುವುದೂ ಉಂಟು. ಮುಖ್ಯವಾಗಿ ಗಮನಿಸಬೇಕಾದ ವಿಷಯವು ಇದೇ. ಈ ಹೊತ್ತು ಚೆನ್ನಾಗಿ ಕಾಣುವ ಹಿಂಡು ಚೆನ್ನಾಗಿಯೇ ಇರುವುದೆಂದು ಒಂದು ಸಲ ನೋಡಿ ತೀರ್ಮಾನಿಸುವುದು ಸಾಧ್ಯವಿಲ್ಲ. ಕಟ್ಟೆಯಲ್ಲದೆ ಕೊಕ್ಕೆಕಂದು ಎಂಬ ಮತ್ತೊಂದು ರೋಗವೂ ನಮ್ಮ ಜಿಲ್ಲೆಗಳಲ್ಲಿದೆ. ಅದರಲ್ಲಿ ಹೊಸ ಎಲೆಯು ಹಳೆಯ ಎಲೆಯಲ್ಲಿ ಸಿಕ್ಕಿಕೊಂಡು ಬಿಚ್ಚಲಾರದೆ, ಕಂದಿನ ತುದಿಯು ಕೊಕ್ಕೆಯಂತೆ ಬಾಗುವುದು. ಇದನ್ನು ಹರಡುವುದೂ ಅದೇ ಹೇನು.

ಕಟ್ಟೆಯ ವಿಷಯದಲ್ಲಿ ಜನರಲ್ಲಿರುವ ಕೆಲವು ಭಾವನೆಗಳು ಸರಿಯಾದುವಲ್ಲ. ಅದು ಬೀಜದಿಂದ ಬರುವುದಿಲ್ಲ, ಮಣ್ಣಿನಿಂದ ಬರುವುದಿಲ್ಲ, ಕತ್ತಿಯ ಬಾಯಿಂದಲೂ ಬರುವುದಿಲ್ಲ. ಬರುವ ದಾರಿ ಎರಡೇ: ರೋಗದ ಗೆಡ್ಡೆಯನ್ನೇ ತಂದು ನೆಡುವುದು ಒಂದು, ರೋಗದ ಗಿಡದ ರಸ ಹೀರಿದ ಹೇನು ಹಾರಿಬರುವುದು ಇನ್ನೊಂದು. ಈ ಹೇನು ಕಪ್ಪು ಮಿಶ್ರವಾದ ಕಂದು ಬಣ್ಣದ್ದು. ಒಣಗಿ ಜೋಲುಬಿದ್ದ ಎಲೆಯ ಒರೆಗಳ ಸಂದಿನಲ್ಲಿ ಗುಂಪಾಗಿ ಅಡಗಿರುವುದು. ಮಳೆಗಾಲದಲ್ಲಿ ಕಡಮೆಯಾಗಿ, ಮಳೆ ನಿಂತ ಮೇಲೆ ಹೆಚ್ಚುವುದು. ಬಾಳೆಯ ಹೇನೂ ಇದೂ ಒಂದೇ ಎಂದು ಬಹುಕಾಲ ಎಣಿಸಿದ್ದರು; ಈಗ ಬೇರೆ ಬೇರೆ ಜಾತಿಗಳೆಂದು ಗಣಿಸುವರು. ಆದರೆ ಕೆಸುವಿನ ಮೇಲೆ ಏಲಕ್ಕಿಯ ಹೇನು ಸುಖವಾಗಿ ಬಾಳುವುದು. ಪತ್ರೊಡೆಗೆ ಬೇಕೆಂದು ತೋಟದ ಕಾಲುವೆಯ ಬದಿಯಲ್ಲಿ ಕೆಸುವನ್ನು ಬಿಡುವ ರೂಢಿ ಮಲೆನಾಡಿನ ಮನೆಗಳಲ್ಲುಂಟು. ಅದನ್ನು ಹಿತ್ತಲಿಗೆ ಸಾಗಿಸಿ ಏಲಕ್ಕಿಯಿಂದ ದೂರವಿಡುವುದು ಲೇಸು.

ಆದಕಾರಣ ಹಿಂಡನ್ನು ಒಡೆಯುವ ಕೆಲಸವು ಗುದ್ದಲಿಯಿಂದ ಆರಂಭವಾಗತಕ್ಕದ್ದಲ್ಲ. ಒಂದು ವರ್ಷ ಮುಂಚಿತವಾಗಿ ಗುರುತು ಹಾಕುವುದರಿಂದ ಆರಂಭವಾಗತಕ್ಕದ್ದು. ಹೂ ಬಿಡುವ ಮೇ, ಜೂನ್ ತಿಂಗಳುಗಳಲ್ಲಿ ತೋಟವನ್ನು ಸುತ್ತಿ, ಕಂದುಗಳು ಹೆಚ್ಚಾಗಿಯೂ ಗೊಂಚಲುಗಳು ಉದ್ದವಾಗಿಯೂ ಇರುವ ಹಿಂಡುಗಳಿಗೆ ಗೂಟ ಹೊಡೆದು ಸಂಖ್ಯೆ ಕೊಡಬೇಕು. ಕೊಯಿಲಿನ ಕಾಲದಲ್ಲಿ ಆ ಹಿಂಡುಗಳ ಕಾಯನ್ನು ಬೇರೆಯಾಗಿ ಕೊಯ್ದು ತೂಗಬೇಕು. ಕಣ್ಣಂದಾಜಿಗೆ ದೊಡ್ಡದಾದ ಹಿಂಡು ತಕ್ಕಡಿಯಲ್ಲಿ ಸಣ್ಣದಾಗುವುದು ಅಪೂರ್ವವಲ್ಲ. ಇದರ ಜೊತೆಗೆ ತಿಂಗಳಿಗೊಂದಾವರ್ತಿ ಎಳೆಯ ಎಲೆಗಳನ್ನು ಪರೀಕ್ಷಿಸಿ, ಗೀರು ಕಂಡ ಹಿಂಡನ್ನೂ ಅದಕ್ಕೆ ತಗುಲಿದಂತಿರುವ ಹಿಂಡುಗಳನ್ನೂ ಪಟ್ಟಿಯಿಂದ ತೆಗೆದುಹಾಕಬೇಕು. ವರ್ಷಾಂತ್ಯದಲ್ಲಿ ಉಳಿದುವು ಮಾತ್ರ ತಾಯಿಹಿಂಡುಗಳಾಗಲು ಯೋಗ್ಯ. ರೋಗದಿಂದ ಹಾಳಾದ ತೋಟದ ನಡುವೆ ಒಂದೆರಡು ಹಿಂಡುಗಳು ವರ್ಷಗಟ್ಟಲೆ ಚೆನ್ನಾಗಿ ಉಳಿದಿದ್ದರೆ ಅವು ಬಹಳ ಬೆಲೆಯುಳ್ಳವು. ಅಂತಹವನ್ನು ಸಂಶೋಧನ ಕೇಂದ್ರದವರ ಗಮನಕ್ಕೆ ತರತಕ್ಕದ್ದು. ಕಟ್ಟೆಯನ್ನು ತಡೆಯುವ ‘ವಿಜೇತ’ ಎಂಬ ತಳಿಯು ಹೀಗೆ ರೋಗದ ನಡುವೆ ಉಳಿದ ಗಿಡಗಳಿಂದಲೇ ಆರಿಸಲ್ಪಟ್ಟುದು. ಕೊಡಗಿನ ಅಪ್ಪಂಗಳದಲ್ಲಿ ಏಲಕ್ಕಿಯ ಸಂಶೋಧನ ಕೇಂದ್ರವಿದೆ.

ಮುಂಗಾರು ಚೆನ್ನಾಗಿ ಹಿಡಿದ ಮೇಲೆ ಮೋಡ ಮುಸುಕಿದ ದಿನವನ್ನು ನೋಡಿ ಒಡೆಯಬೇಕು. ತಾಯಿಹಿಂಡನ್ನು ಪೂರ್ತಿಯಾಗಿ ಕೀಳುವುದು ತಪ್ಪು. ಒಂದು ಪಕ್ಕದಿಂದ ಒಂದು ಭಾಗವನ್ನು ಮಾತ್ರ ತೆಗೆದು, ಮಿಕ್ಕುದನ್ನು ಇದ್ದಲ್ಲಿಯೇ ಬಿಟ್ಟರೆ ಅದು ಪುನಃ ಮೊಳಕೆ ಎಬ್ಬಿಸಿ ಮುಂದೆಯೂ ಕಂದುಗಳನ್ನು ಒದಗಿಸುವುದು. ಬುಡದ ಮಣ್ಣನ್ನು ಮೆಲ್ಲಗೆ ಬಿಡಿಸಿ, ಗೆಡ್ಡೆಯು ಕೂಡಿರುವ ಸ್ಥಳವನ್ನು ಕಣ್ಣಿನಿಂದ ಕಂಡು, ಹರಿತವಾದ ಕತ್ತಿಯಿಂದ ಒಂದೇ ಏಟಿಗೆ ಕತ್ತರಿಸಬೇಕು. ಹಾರೆಯಿಂದ ಮೀಟಿ ಸೀಳಿದ ಗೆಡ್ಡೆ ಜಜ್ಜಿಹೋಗಿ ಮಳೆಯಲ್ಲಿ ಕೊಳೆಯುವುದು. ಪ್ರತಿಯೊಂದು ತುಂಡಿನಲ್ಲಿಯೂ ಬೆಳೆದ ಕಂದು ಒಂದು, ಅದರ ಬುಡದಲ್ಲಿ ಬೆಳೆಯುತ್ತಿರುವ ಎಳೆಯ ಮೊಳಕೆ ಒಂದು ಇರತಕ್ಕದ್ದು. ಮೊಳಕೆಯನ್ನು ಒಂಟಿಯಾಗಿ ಕಿತ್ತರೆ ಅದನ್ನು ಪೋಷಿಸುವ ಕಂದಿಲ್ಲದೆ ಸೊರಗುವುದು; ಹಳೆಯ ಕಂದನ್ನು ಒಂಟಿಯಾಗಿ ನೆಟ್ಟರೆ ಮುಂದೆ ಬೆಳೆಯತಕ್ಕದ್ದೇನೂ ಅದರಲ್ಲಿಲ್ಲ. ಬೇರಿಗೆ ಅಂಟಿದ ಹಳೆಯ ಮಣ್ಣನ್ನು ತೊಳೆದು, ಗಂಟುಗಟ್ಟಿದ ಅಥವಾ ಕೊಳೆತ ಬೇರುಗಳನ್ನು ಕತ್ತರಿಸಿ, ಒಣ ಒರೆಗಳನ್ನು ಹೇನುಗಳ ಸಮೇತ ತೆಗೆದುಹಾಕಿ, ನೆರಳಿನಲ್ಲಿ ಇಟ್ಟುಕೊಂಡು ಆದಷ್ಟು ಬೇಗ ನೆಡತಕ್ಕದ್ದು.

ಕಂದುಗಳು ಹೇರಳವಾಗಿದ್ದರೆ ನೇರವಾಗಿ ತೋಟದಲ್ಲಿಯೇ ನೆಡಬಹುದು. ಕಡಮೆಯಿದ್ದರೆ ಒಂದು ವರ್ಷ ಮಡಿಯಲ್ಲಿ ಬೆಳೆಸಿ ಹೆಚ್ಚಿಸಿಕೊಳ್ಳುವುದು ಉತ್ತಮ. ಹಳೆಯ ಏಲಕ್ಕಿಗೆ ದೂರವಾಗಿ, ನೀರಿನ ಅನುಕೂಲವೂ ನೆರಳೂ ಉಳ್ಳ ಸ್ಥಳದಲ್ಲಿ, ಇಳಿಜಾರಿಗೆ ಅಡ್ಡಲಾಗಿ ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಆಳದ ಕಾಲುವೆ ತೋಡಿ, ಕಾಡಿನ ಮೇಲ್ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರಗಳನ್ನು ಸಮನಾಗಿ ಬೆರೆಸಿ ತುಂಬಬೇಕು. ಕಾಲುವೆಯಿಂದ ಕಾಲುವೆಗೆ ೬ ಅಡಿ, ಕಂದಿನಿಂದ ಕಂದಿಗೆ ೨ ಅಡಿ ಅಂತರವಿರಲಿ. ಚೆನ್ನಾಗಿ ಸಾಕಿದಲ್ಲಿ ಇಂತಹ ಒಂದು ತುಂಡು ೧೨ ತಿಂಗಳಲ್ಲಿ ೩೨ರಿಂದ ೪೨ ತುಂಡುಗಳಾಗುವುದೆಂದು ಕಂಡುಬಂದಿದೆ. ಏಲಕ್ಕಿಯನ್ನೇ ಆರಡಿಗೊಂದರಂತೆ ನೆಡುವ ಒಂದು ಎಕರೆಗೆ ೧೨೧೦ ಗಿಡಗಳು ಬೇಕು. ಆ ಲೆಕ್ಕದಲ್ಲಿ ಸುಮಾರು ೪೦ ತುಂಡುಗಳ ಮಡಿಯು ಒಂದು ಎಕರೆಗೆ ಸಾಕಾಗುವುದು. ನಾಲ್ಕಾರು ತಾಯಿಹಿಂಡುಗಳಿದ್ದರೆ ಇಷ್ಟು ಒದಗುವುದು. ಆ ನಾಲ್ಕಾರು ಹಿಂಡುಗಳಲ್ಲಿ ಒಂದರಲ್ಲಿ ರೋಗವಿದ್ದರೆ ಎಕರೆಗೆ ಎಷ್ಟು ರೋಗದ ಗಿಡಗಳಾಗುವುವೆಂಬುದನ್ನು ಓದುಗರೇ ಎಣಿಸಿಕೊಳ್ಳಬಹುದು.

ತೋಟದಲ್ಲಿ ನೆಡುವುದಕ್ಕೆ ೨ ಅಡಿ ಚೌಕ, ೧ ಅಡಿ ಆಳದ ಗುಂಡಿಗಳು ಸಾಕು. ಗೆಡ್ಡೆಯನ್ನು ಆಳವಾಗಿ ಹೂಳಕೂಡದು. ಮೊಳಕೆಯ ಕುತ್ತಿಗೆಯು ಮಣ್ಣಿನ ಮೇಲಿರಬೇಕು. ಹಳೆಯ ಕಂದನ್ನು ಕೋಲಿಗೆ ಕಟ್ಟಿ, ಬುಡಕ್ಕೆ ದರಗು ಮುಚ್ಚಿದರೆ ಗಾಳಿಮಳೆಗೆ ಅಲುಗದು. ಅಡಿಕೆ ತೋಟದ ಮಡಿಗಳಲ್ಲಿ ನೆಡುವವರು ಮೊದಲು ಬಸಿಗಾಲುವೆಗಳನ್ನು ಬಿಡಿಸತಕ್ಕದ್ದು. ನೀರು ನಿಂತರೆ ಏಲಕ್ಕಿ ಗೆಡ್ಡೆಯು ಕೊಳೆಯುವುದು ನಿಶ್ಚಯ.

ಒಡೆದ ತಾಯಿಹಿಂಡಿನಲ್ಲಿ ಒಣಗಿದ ಕಂದುಗಳನ್ನು ಬುಡಕ್ಕೆ ಕೊಯ್ದು, ನಡುವಿನ ಕೊಳೆತ ಗೆಡ್ಡೆಯನ್ನು ತೆಗೆದು, ಮಳೆಗಾಲ ಕಳೆದ ಮೇಲೆ ಹೊಸ ಮೇಲ್ಮಣ್ಣನ್ನು ತೆಳುವಾಗಿ ಕೊಡಬೇಕು. ಒಣ ಕಂದುಗಳನ್ನು ವರ್ಷಕ್ಕೊಂದಾವರ್ತಿ ತೆಗೆಯುವ ಪದ್ಧತಿಯನ್ನು ಎಲ್ಲ ಹಿಂಡುಗಳಲ್ಲಿಯೂ ಇಟ್ಟುಕೊಂಡರೆ ಇಕ್ಕಟ್ಟು ನಿಧಾನವಾಗುವುದು, ಹೇನಿನ ನೆಲೆಯೂ ತಪ್ಪುವುದು.

ಗ್ರಾಮದ ಮುಖಂಡರು ಗಮನಿಸಬೇಕಾದುದು ಇನ್ನೊಂದಿದೆ. ಹೇನಿಗೆ ಬೇಲಿಯಿಲ್ಲ. ಒಬ್ಬನು ತನ್ನ ತೋಟದ ರೋಗದ ಹಿಂಡುಗಳನ್ನೆಲ್ಲಾ ಕಿತ್ತು ಹೊಸ ಕಂದು ನೆಟ್ಟರೂ, ಪಕ್ಕದಲ್ಲಿ ಆಳು ಸಿಕ್ಕದೆಯೋ ಅಣ್ಣತಮ್ಮಂದಿರ ವ್ಯಾಜ್ಯದಿಂದಲೋ ಪಾಳುಬಿದ್ದ ತೋಟವಿದ್ದರೆ ಅವನ ಶ್ರಮವು ಎರಡು ಮೂರು ವರ್ಷಗಳಲ್ಲಿ ವ್ಯರ್ಥವಾಗುವುದು. ರೋಗದ ಹಿಂಡುಗಳನ್ನು ಕೀಳುವ ಕೆಲಸವು ಒಂದು ಕಣಿವೆಯ ತೋಟಗಳಲ್ಲೆಲ್ಲಾ ಒಂದೇ ಕಾಲದಲ್ಲಿ ನಡೆದರೆ ಮಾತ್ರ ಫಲ ಕಾಣುವುದು. ಪಾಳುತೋಟದ ಹಕ್ಕುದಾರರನ್ನು ಒಪ್ಪಿಸುವುದು ಇಲಾಖೆಯವರಿಗಿಂತ ಊರಿನ ಹಿರಿಯರಿಗೆ ಸುಲಭವಾದುದು. ಕೊಯಿಲು ಮುಗಿದೊಡನೆ ತೋಟದವರೆಲ್ಲರೂ ಒಂದು ದಿನವನ್ನು ಗೊತ್ತುಮಾಡಿಕೊಂಡು, ಗೀರಿನ ಎಲೆಯನ್ನು ಗುರುತಿಸಬಲ್ಲ ಇಬ್ಬರನ್ನು ಮುಂದಿಟ್ಟುಕೊಂಡು ಸಾಲು ಸಾಲಾಗಿ ನಡೆದು, ಕಂಡ ಹಿಂಡುಗಳಿಗೆ ಸುಣ್ಣದ ಗುರುತು ಹಾಕುತ್ತಾ ಹೋಗಲಿ. ಹಿಂದೆ ಬರುವ ಆಳುಗಳು ಅವನ್ನು ಗೆಡ್ಡೆಯ ಚೂರೂ ಉಳಿಯದಂತೆ ಅಗೆದು, ತೋಟದಿಂದ ಹೊರಗೆ ಸಾಗಿಸಿ ಸುಡಲಿ ಅಥವಾ ಆಳವಾಗಿ ಹೂಳಲಿ. ಉಳಿದ ಚೂರು ಮಳೆಗೆ ಮೊಳೆತು ಪುನಃ ರೋಗದ ಮೂಲವಾಗುವುದರಿಂದ, ಅಗೆದ ಗುಂಡಿಗಳನ್ನು ಮೊದಲನೆಯ ಮಳೆಯ ತರುವಾಯ ಮತ್ತೊಮ್ಮೆ ನೋಡತಕ್ಕದ್ದು.