ಹಸಿ ಮರದ ಬಟ್ಟಲು

ಕೋಲಾರದ ಚಿನ್ನದ ಗಣಿ ಪ್ರದೇಶಕ್ಕೆ ಲೇತು ಯಂತ್ರ ಹೊಸದಲ್ಲ. ೨೦೦೧ರಲ್ಲಿ ಗಣಿಗಳು ಮುಚ್ಚುವವರೆಗೆ ಅವುಗಳ ಕಾರ್ಯಾಗಾರಗಳಲ್ಲಿಯೂ, ೧೯೬೪ರಲ್ಲಿ ಸ್ಥಾಪಿತವಾದ ಭಾರತ್ ಅರ್ತ್ ಮೂವರ್ಸ್ ಸಂಸ್ಥೆಯ ಕಾರ್ಖಾನೆಯಲ್ಲಿಯೂ ಉಕ್ಕನ್ನು ಕಡೆದು ಜೀವನ ನಡೆಸಿದವರು ಅನೇಕರು. ಆ ಕಸುಬಿನಲ್ಲಿ ಒಂದು ನೆಮ್ಮದಿಯುಂಟು. ಉಕ್ಕಿನ ತುಂಡನ್ನು ಒಂದು ಅಳತೆಗೆ ಕಡೆದಿಟ್ಟರೆ ಆರು ತಿಂಗಳ ಮೇಲೆಯೂ ಅದು ಅದೇ ಅಳತೆಯಲ್ಲಿರುತ್ತದೆ. ಅದೇ ಪಳಗಿದ ಕೈ, ಆಗತಾನೆ ಕಡಿದ ಮಾವಿನ ಕೊರಡಿನಿಂದ ಒಂದು ದುಂಡನೆಯ ಬಟ್ಟಲನ್ನು ಕಡೆಯಲಿ. ಕೆಲವು ವಾರ ಕಳೆದು ನೋಡಿದರೆ ಬಟ್ಟಲು ಅಂಡಾಕಾರಕ್ಕೆ ತಿರುಗಿರುತ್ತದೆ. ಇಲ್ಲವೆ ಅಂಚಿನಿಂದ ತಳದವರೆಗೆ ಸೀಳಿರುತ್ತದೆ. ಕೈಯಲ್ಲಿ ದೋಷವಿಲ್ಲ, ಉಳಿಯಲ್ಲಿಯೂ ದೋಷವಿಲ್ಲ. ಮರದೊಳಗಿದ್ದ ನೀರು ಹೊರಟುಹೋಗುವಾಗ ಮಾಡಿದ ಕೆಲಸವದು.

ಇದು ಸಣ್ಣ ವಿಷಯವೆಂದು ತೋರಬಹುದು. ಆದರೆ ಬಂಗಾರಪೇಟೆ, ಶ್ರೀನಿವಾಸಪುರಗಳ ಸುತ್ತ ಎಷ್ಟೊಂದು ಮಾವಿನ ತೋಪುಗಳಿವೆ! ಫಲ ಕಡಿಮೆಯಾದ ಮುದಿ ಮರವನ್ನು ಕಡಿದಾಗ ಅದು ಸಾಮಾನ್ಯವಾಗಿ ಹಣ್ಣು ತುಂಬುವ ಪೆಟ್ಟಿಗೆಯ ಹಲಗೆಯಾಗುತ್ತದೆ, ಇಲ್ಲವೆ ಸೌದೆಯಾಗಿ ಒಲೆ ಸೇರುತ್ತದೆ. ಅರವತ್ತು ವರ್ಷ ಬೆಳೆದ ಮರ ಆರು ದಿನಗಳಲ್ಲಿ ಬೂದಿಯಾಗುವುದೋ, ಅಥವಾ ಎರಡು ತಲೆಮಾರು ಬಾಳುವ ಮರಿಗೆಯಾಗುವುದೋ ಎಂಬುದು ಬಹುಮಟ್ಟಿಗೆ ಅದನ್ನು ಒಣಗಿಸುವ ಬಗೆಯನ್ನೇ ಅವಲಂಬಿಸಿದೆ.

ಹಸಿ ಮರದಲ್ಲಿ ನೀರು ಎರಡು ನೆಲೆಗಳಲ್ಲಿರುತ್ತದೆ. ಮರವೆಂಬುದು ಕೋಟ್ಯಂತರ ಸಣ್ಣ ಕೊಳವೆಗಳ ಕಟ್ಟು. ಆ ಕೊಳವೆಗಳ ಒಳಗೆ ತುಂಬಿರುವ ನೀರು ಒಂದು. ಕೊಳವೆಗಳ ಗೋಡೆಯೊಳಗೇ ಹೀರಿಕೊಂಡಿರುವ ನೀರು ಇನ್ನೊಂದು. ಮರ ಆರತೊಡಗಿದಾಗ ಮೊದಲು ಹೋಗುವುದು ಕೊಳವೆಯೊಳಗಿನ ನೀರು. ಅಷ್ಟರಿಂದ ಮರದ ತೂಕ ಇಳಿಯುತ್ತದೆಯೇ ಹೊರತು ಸಾಮಾನ್ಯವಾಗಿ ಆಕಾರ ಬದಲಾಗುವುದಿಲ್ಲ. ನೀರಿನ ಪ್ರಮಾಣ ಒಣಮರದ ತೂಕದ ಸುಮಾರು ಶೇಕಡ ೩೦ಕ್ಕೆ ಇಳಿದ ಮೇಲೆ ಗೋಡೆಗಳ ನೀರು ಹೊರಡುತ್ತದೆ. ಆಗ ಗೋಡೆಗಳು ತೆಳುವಾಗುತ್ತವೆ, ಮರ ಕುಗ್ಗುತ್ತದೆ. ತೊಂದರೆಯೆಲ್ಲ ಇಲ್ಲಿಂದಲೇ ಆರಂಭ.

ಎಲ್ಲ ದಿಕ್ಕಿಗೂ ಸಮನಾಗಿ ಕುಗ್ಗಿದ್ದರೆ ದೊಡ್ಡ ಬಟ್ಟಲು ಚಿಕ್ಕ ಬಟ್ಟಲಾಗುತ್ತಿತ್ತು, ಅಷ್ಟೆ. ಮರ ಹಾಗೆ ಮಾಡುವುದಿಲ್ಲ. ನಾರಿನ ಉದ್ದಕ್ಕೆ ಅದು ಕುಗ್ಗುವುದು ಇಲ್ಲವೆನ್ನುವಷ್ಟು ಅಲ್ಪ. ನಡುವಿನಿಂದ ತೊಗಟೆಯ ಕಡೆಗೆ ಕುಗ್ಗುವುದು ಸ್ವಲ್ಪ ಹೆಚ್ಚು. ಬೆಳವಣಿಗೆಯ ಬಳೆಗಳು ಸುತ್ತುವ ದಿಕ್ಕಿನಲ್ಲಿ ಕುಗ್ಗುವುದು ಅದರ ಸುಮಾರು ಎರಡರಷ್ಟು. ಆದುದರಿಂದಲೇ ಇಡಿಯಾಗಿ ಬಿಟ್ಟ ದಿಮ್ಮಿ ನಡುವಿನಿಂದ ಹೊರಕ್ಕೆ ಬಿರಿಯುತ್ತದೆ. ಬಟ್ಟಲು ನಾರಿನ ಉದ್ದಕ್ಕೆ ನೀಳವಾಗಿಯೂ ಅಡ್ಡಕ್ಕೆ ಕಿರಿದಾಗಿಯೂ ಆಗುತ್ತದೆ. ಸಾಮಿಲ್ಲಿನ ಅಂಗಳದಲ್ಲಿ ಬಿದ್ದಿರುವ ಯಾವ ದಿಮ್ಮಿಯ ತುದಿಯನ್ನಾದರೂ ನೋಡಿರಿ, ಸೂರ್ಯಕಿರಣಗಳಂತೆ ಹರಡಿದ ಬಿರುಕುಗಳು ಈ ಮಾತಿಗೆ ಸಾಕ್ಷಿ ಹೇಳುತ್ತವೆ.

ಇನ್ನೊಂದು ಕಾರಣವೂ ಇದೆ. ನಮ್ಮ ಬಯಲುಸೀಮೆಯ ಬೇಸಗೆಯ ಗಾಳಿಗೆ ಹಸಿ ತುಂಡನ್ನು ಒಡ್ಡಿದರೆ ಹೊರಮೈ ಬೇಗ ಆರಿ ಕುಗ್ಗಲು ಹವಣಿಸುತ್ತದೆ. ಒಳಮೈ ಇನ್ನೂ ನೀರುಂಡು ಉಬ್ಬಿರುವುದರಿಂದ ಅದಕ್ಕೆ ಎಡೆಗೊಡುವುದಿಲ್ಲ. ಈ ಜಗ್ಗಾಟದಲ್ಲಿ ಸೋಲುವುದು ಹೊರಮೈ, ಅದು ಹರಿಯುತ್ತದೆ. ಬೇಗ ಒಣಗಲೆಂದು ಬಿಸಿಲಿಗಿಡುವುದು ಹೀಗೆ ಮರವನ್ನು ಕೆಡಿಸುವ ನೇರ ದಾರಿ.

ಬಲ್ಲವರು ಮಾಡುವ ಕ್ರಮ ಬೇರೆ. ಮರ ಉರುಳಿದ ದಿನವೇ ದಿಮ್ಮಿಯ ತುದಿಗಳಿಗೆ ಮೇಣವನ್ನೋ ಬಣ್ಣವನ್ನೋ ದಪ್ಪನಾಗಿ ಬಳಿಯುತ್ತಾರೆ. ನಾರುಗಳ ಬಾಯಿ ತೆರೆದಿರುವುದು ತುದಿಯಲ್ಲಿ. ನೀರು ಅತಿವೇಗವಾಗಿ ಹೊರಡುವುದೂ ಅಲ್ಲಿಂದಲೇ. ಹಳ್ಳಿಗಳಲ್ಲಿ ಸಗಣಿ ಬಳಿಯುವುದೂ ಉಂಟು. ಬಳಿಕ ದಿಮ್ಮಿಯನ್ನು ನಡುವೆ ಉದ್ದಕ್ಕೆ ಸೀಳಿ, ಬಿರುಕಿಗೆ ತವರಾದ ನಡುತಿರುಳನ್ನು ತೆಗೆದುಹಾಕುತ್ತಾರೆ. ಹಸಿಯಾಗಿರುವಾಗಲೇ ಬಟ್ಟಲನ್ನು ಒರಟಾಗಿ ಕಡೆಯುತ್ತಾರೆ. ಹಸಿ ಮರ ಉಳಿಗೆ ಬೆಣ್ಣೆಯಂತೆ ಒಲಿಯುತ್ತದೆ, ಧೂಳೇಳುವುದಿಲ್ಲ. ಗೋಡೆಯ ದಪ್ಪವನ್ನು ಮಾತ್ರ ಅಗಲದ ಹತ್ತನೆಯ ಒಂದು ಭಾಗದಷ್ಟು ಉಳಿಸಬೇಕು: ಹತ್ತು ಅಂಗುಲದ ಬಟ್ಟಲಿಗೆ ಒಂದು ಅಂಗುಲ. ದಪ್ಪ ಎಲ್ಲೆಡೆ ಸಮನಾಗಿರಬೇಕು. ಒಂದೆಡೆ ದಪ್ಪ, ಒಂದೆಡೆ ತೆಳುವಾದರೆ ಮತ್ತೆ ಜಗ್ಗಾಟ. ಬಟ್ಟಲು ಸೊಟ್ಟಗಾಗಲೆಂದೇ ಈ ದಪ್ಪವನ್ನು ಉಳಿಸುವುದು. ಸೊಟ್ಟವಾದುದನ್ನು ಆರಿದ ಮೇಲೆ ಎರಡನೆಯ ಬಾರಿ ಕಡೆದು ದುಂಡಾಗಿಸಬಹುದು.

ಒರಟು ಬಟ್ಟಲನ್ನು ಅದರದೇ ಹೊಟ್ಟಿನೊಡನೆ ಕಾಗದದ ಚೀಲದಲ್ಲಿಟ್ಟು ನೆರಳಿನಲ್ಲಿ ಬಿಡುತ್ತಾರೆ. ಎಷ್ಟು ದಿನ? ಕ್ಯಾಲೆಂಡರು ಹೇಳಲಾರದು, ತಕ್ಕಡಿ ಹೇಳುತ್ತದೆ. ವಾರಕ್ಕೊಮ್ಮೆ ತೂಗಿ ತಳದಲ್ಲಿ ತೂಕ ಬರೆಯಬೇಕು. ಸಾವಿರ ಗ್ರಾಂ ಇದ್ದದ್ದು ಒಂಬೈನೂರು, ಎಂಟುನೂರು ಎಂದು ಇಳಿಯುತ್ತ ಹೋಗಿ, ಎಲ್ಲೋ ಒಂದು ಕಡೆ ಮೂರು ನಾಲ್ಕು ವಾರ ಅಲುಗದೆ ನಿಂತರೆ ಮರ ಸುತ್ತಲಿನ ಗಾಳಿಯೊಡನೆ ಹೊಂದಿಕೊಂಡಿದೆಯೆಂದು ತಿಳಿಯಬೇಕು. ಇದಕ್ಕೆ ಹಲವು ತಿಂಗಳು ಹಿಡಿಯುವುದು ಸಾಮಾನ್ಯ.

ಹಾಗೆಂದು ನಿಧಾನವೊಂದೇ ಮದ್ದಲ್ಲ. ಮಾವಿನ ಮರಕ್ಕೆ ಅತಿ ನಿಧಾನವೂ ಆಗದು. ಅದರ ಬಿಳಿಯ ಭಾಗದಲ್ಲಿ ಪಿಷ್ಟ ಹೆಚ್ಚು. ಗಾಳಿಯಾಡದ ತೇವದಲ್ಲಿ ಬೂಷ್ಟು ಹಿಡಿದು ಕಲೆಗಟ್ಟುತ್ತದೆ, ಕುಟ್ಟೆ ಹುಳುವೂ ಹೊಗುತ್ತದೆ. ಆದುದರಿಂದ ಹೊಟ್ಟು ನೆನೆದಂತೆ ಕಂಡರೆ ಬದಲಾಯಿಸಬೇಕು. ಬಿಸಿಲಿಗೂ ಬೂಷ್ಟಿಗೂ ನಡುವಣ ಕಿರುದಾರಿಯನ್ನು ಹಿಡಿಯುವುದೇ ಈ ಕಸುಬಿನ ಕಷ್ಟ.

ಮರ ಕಡೆಯುವ ಕಲೆಗೆ ನಮ್ಮ ನಾಡಿನಲ್ಲಿ ಹೆಸರಾದ ಊರು ಚನ್ನಪಟ್ಟಣ. ಅಲ್ಲಿನ ಬೊಂಬೆಗಳಿಗೆ ಬಹುಕಾಲದಿಂದ ಬಳಕೆಯಾಗಿರುವುದು ಬಿಳುಪಾದ, ನಯವಾದ ಎಳೆಯ ಆಲೆ ಮರ. ತೊಗಟೆ ಸುಲಿದು ಎರಡು ಮೂರು ತಿಂಗಳು ಆರಿಸಿದ ಬಳಿಕವೇ ಅದನ್ನು ಲೇತಿಗೆ ಏರಿಸುತ್ತಾರೆ. ತಿರುಗುವ ಬೊಂಬೆಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದರೆ ಉಜ್ಜಾಟದ ಬಿಸಿಗೇ ಅರಗು ಕರಗಿ ಅಂಟುತ್ತದೆ. ಒಳಗೆ ನೀರುಳಿದ ಮರದ ಮೇಲೆ ಆ ಅರಗು ಗಟ್ಟಿಯಾಗಿ ನಿಲ್ಲದು.

ಕೋಲಾರ ಜಿಲ್ಲೆಯಲ್ಲಿ ಬೇಕಾದಷ್ಟಿರುವ ಮತ್ತೊಂದು ಮರ ನೀಲಗಿರಿ. ಹೊಸದಾಗಿ ಅದನ್ನು ನೆಡುವುದನ್ನು ಸರ್ಕಾರ ೨೦೧೭ರಲ್ಲಿ ನಿಷೇಧಿಸಿತಾದರೂ ಹಳೆಯ ತೋಪುಗಳು ಉಳಿದಿವೆ. ಕಲಿಯುವವರಿಗೆ ಅದನ್ನು ನಾನು ಸೂಚಿಸಲಾರೆ. ಬೆಳೆಯುವಾಗಲೇ ಅದರ ಕಾಂಡದೊಳಗೆ ಬಿಗಿತ ಸೇರಿಕೊಂಡಿರುತ್ತದೆ. ಗರಗಸ ಹಾಯ್ದೊಡನೆ ತುದಿ ಸೀಳುವುದುಂಟು. ಆರುವಾಗ ಒಳಗಿನ ಕೊಳವೆಗಳೇ ಕುಸಿದು ಹಲಗೆ ಸುಕ್ಕುಗಟ್ಟುತ್ತದೆ. ಮಾವಿನ ನಾಲ್ಕಾರು ಬಟ್ಟಲುಗಳನ್ನು ಬಿರುಕಿಲ್ಲದೆ ಆರಿಸಿದ ಮೇಲೆ ಬೇಕಾದರೆ ನೀಲಗಿರಿಯ ಒಂದು ತುಂಡನ್ನು ಕೈಗೆತ್ತಿಕೊಳ್ಳಬಹುದು. ಅದಕ್ಕೆ ಮಾತ್ರ ಗೋಡೆಯ ದಪ್ಪವನ್ನು ಇನ್ನಷ್ಟು ಉಳಿಸಿರಬೇಕು.